ಖಾಕಿ ಅಂಗಿಯ ಕಪ್ಪು ಗೆರೆ

ಈಗಲೂ ಬಸ್ಸು ಹತ್ತಿದ ಕೂಡಲೇ ನನ್ನ ಕಣ್ಣು ಹೋಗುವುದು ಡ್ರೈವರ್ ತಲೆಯ ಮೇಲಿರುವ ಕನ್ನಡಿಗೆ. ಅದರಲ್ಲಿ ಅವನ ಕಣ್ಣು ಕಾಣಬೇಕು. ಆ ಕಣ್ಣು ರೆಪ್ಪೆ ಬಡಿಯಬೇಕು, ಬಡಿದ ರೆಪ್ಪೆ ಮತ್ತೆ ತೆರೆಯಬೇಕು. ತೆರೆದ ಮೇಲೆಯೇ ನಾನು ಉಸಿರು ಬಿಡುವುದು. ಹರಪನಹಳ್ಳಿಯಿಂದ ಕೂಡ್ಲಿಗಿಗೆ ಹೋಗುವಾಗಲೂ ಹೀಗೆಯೇ, ಬರುವಾಗಲೂ ಹೀಗೆಯೇ. ‘ಹಿಂದೆ ಎಲ್ಲಾದರೂ ಕಿಟಕಿ ಪಕ್ಕ ಕೂತು ಕಣ್ಣು ಮುಚ್ಚಿಕೊಂಡು ಹೋಗಬಾರದೇ’ ಎಂದು ಮನೆಯಲ್ಲಿ ಹೇಳುತ್ತಾರೆ. ಬಸ್ಸಿನಲ್ಲಿ ಕಣ್ಣು ಮುಚ್ಚುವುದು ಎಂದರೇನು ಎಂದು ನಾನು ಕಂಡಿದ್ದೇನೆ. ಅದಕ್ಕೇ ಮುಂದೆ ಕೂರುತ್ತೇನೆ.

ಆ ಕನ್ನಡಿಯಲ್ಲಿ ನಾನು ವರ್ಷಗಟ್ಟಲೆ ನೋಡಿದ್ದು ಒಬ್ಬರದೇ ಕಣ್ಣು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರಿಗೆ ಸೇರುವುದಿಲ್ಲ. “ನಾ ಏನ್ ಸತ್ತೀನೇನ್ರಿ ಮೇಡಂ, ನನ್ನ ಹೆಸರು ಅಚ್ಚು ಹಾಕ್ಸಾಕ?” ಎಂದು ಕೇಳುವ ಮನುಷ್ಯ. ಬಸ್ಸಿನ ಹೆಂಗಸರಿಗೆಲ್ಲ ಅವರು ಡ್ರೈವರಣ್ಣ. ಕಂಡಕ್ಟರ್ ಹುಡುಗನಿಗೂ ಮೊದಲು ಅಣ್ಣನೇ, ಆಮೇಲೆ ಸಾವ್ಕಾರ. ಅಣ್ಣ ಸಾವ್ಕಾರನಾದ ಕಥೆಯಲ್ಲೇ ನನ್ನ ಈ ಕನ್ನಡಿಯ ರೋಗವೂ ಅಡಗಿದೆ.

ನಾನು ಕೂಡ್ಲಿಗಿಯ ಕಾಲೇಜೊಂದರಲ್ಲಿ ಗ್ರಂಥಪಾಲಕಿ. ಮನೆ ಹರಪನಹಳ್ಳಿ. ಕೆಲಸಕ್ಕೆ ಸೇರಿದ ದಿನದಿಂದ ಬೆಳಿಗ್ಗೆ ಹೋಗುವುದು ಆ ಖಾಸಗಿ ಬಸ್ಸಿನಲ್ಲಿ, ಸಂಜೆ ಬರುವುದೂ ಅದರಲ್ಲೇ. ನನ್ನ ಜಾಗ ಡ್ರೈವರ್ ಸೀಟಿನ ಹಿಂದಿನ ಕಬ್ಬಿಣದ ಕಂಬಿಗೆ ಒತ್ತಿಕೊಂಡಿರುವ ಹೆಂಗಸರ ಸೀಟು. ಅಲ್ಲಿಂದ ನನಗೆ ಅವರ ಬೆನ್ನು ಕಾಣುತ್ತಿತ್ತು, ಕನ್ನಡಿಯಲ್ಲಿ ಕಣ್ಣು.

ಆಗ ಅವರದು ಒಣಗಿದ ಜಾಲಿ ಕೊರಡಿನಂಥ ಮೈ. ಕುತ್ತಿಗೆಯ ನರ ಎಣಿಸಬಹುದಿತ್ತು. ಖಾಕಿ ಅಂಗಿಯ ಎದೆಯ ಮೇಲೆ ಸಣ್ಣ ಸಣ್ಣ ತೂತುಗಳು, ಬೀಡಿಯ ಕಿಡಿ ಬಿದ್ದು ಸುಟ್ಟವು. “ಅಂಗಿ ಹೊಲ್ದು ಕೊಡಾಕ ಬರಂಗಿಲ್ಲ ಅಂತಾಳ್ರಿ ನಮ್ಮಾಕಿ. ಜರಡಿ ಮಾಡಿ ಹಿಟ್ಟು ಸಾಣಿಸ್ತೀನಿ ಅಂತಾಳ,” ಎಂದು ತಾವೇ ತೋರಿಸಿ ನಗುತ್ತಿದ್ದರು. ಕೆಮ್ಮು ಅವರ ನಗುವಿನ ಕೊನೆಯಲ್ಲಿ ತಪ್ಪದೆ ಬರುತ್ತಿತ್ತು.

ಕೊಟ್ಟೂರಿನ ಸ್ಟ್ಯಾಂಡಿನಲ್ಲಿ ಬಸ್ಸು ಸ್ವಲ್ಪ ಹೊತ್ತು ನಿಲ್ಲುತ್ತದೆ. ನಿಂತದ್ದೇ ತಡ, ಅವರು ತಮ್ಮ ಬಾಗಿಲಿನಿಂದ ಧುಮುಕುತ್ತಿದ್ದರು. ಗಾಡಿಗೆ ಒಂದು ಸುತ್ತು ಬಂದು, ಕೈಯಲ್ಲಿದ್ದ ರಾಡಿನಿಂದ ಟೈರುಗಳಿಗೆ ಬಡಿದು ದನಿ ಕೇಳಿ, ಚಹಾದಂಗಡಿಯ ಡ್ರಮ್ಮಿನಿಂದ ನೀರು ಮೊಗೆದು ಮುಖಕ್ಕೆ ಹೊಡೆದುಕೊಂಡು, ಉಳಿದ ನೀರನ್ನು ಮುಂದಿನ ಗಾಜಿಗೆ ಎರಚಿ, ಆಮೇಲೆ ಚಕ್ರಕ್ಕೆ ಒಂದು ಕಾಲು ಊರಿ ಬೀಡಿ ಹಚ್ಚುತ್ತಿದ್ದರು. ಅದು ಮುಗಿಯುವವರೆಗೆ ಮಾಲೀಕರೇ ಬಂದು ಕರೆದರೂ ಗಾಡಿ ಹೊರಡುತ್ತಿರಲಿಲ್ಲ. ದಾರಿಯಲ್ಲಿ ಜನವಿಲ್ಲದ ಕಡೆ ಮೊಣಕೈ ಹೊರಗಿಟ್ಟು ಇನ್ನೊಂದು. ಹೊಗೆ ನೇರ ನನ್ನ ಮುಖಕ್ಕೆ. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡರೆ ಕನ್ನಡಿಯಲ್ಲಿ ನೋಡಿ ಹೇಳುವರು: “ಸಿಟ್ಟಾಗಬ್ಯಾಡ್ರಿ ಮೇಡಂ. ಈ ಗಾಡಿ ನಾ ಓಡ್ಸಂಗಿಲ್ಲ, ಬೀಡಿ ಓಡ್ಸತೈತಿ.”

ಅದನ್ನು ನಾವೆಲ್ಲ ತಮಾಷೆ ಎಂದುಕೊಂಡಿದ್ದೆವು.

ಒಂದು ದಿನ ಬೀಡಿ ನಿಂತಿತು. ಮಗಳು ಬಾಣಂತನಕ್ಕೆ ಬಂದಿದ್ದಳು. ಕೂಸನ್ನು ಎತ್ತಿಕೊಳ್ಳಲು ಕೈ ಚಾಚಿದರೆ ಮಗಳು ಕೊಡಲಿಲ್ಲ. “ಅಪ್ಪಾ, ನಿನ್ನ ಮೈಯೆಲ್ಲಾ ಬೀಡಿ ನಾತ. ಕೂಸು ಕೆಮ್ಮತೈತಿ,” ಎಂದಳಂತೆ. ಮರುದಿನ ಬೆಳಿಗ್ಗೆ ಬಸ್ಸು ಹೊರಡುವ ಮೊದಲು ಅವರು ನಮ್ಮ ಕಡೆ ತಿರುಗಿ ಕೂತು, ಭಾಷಣ ಮಾಡುವವರ ಹಾಗೆ ಗಂಟಲು ಸರಿ ಮಾಡಿಕೊಂಡರು.

“ಅಕ್ಕಾರ, ತಂಗ್ಯಾರ, ಮೇಡಮ್ಮಾರ. ಬೀಡಿ ಬಿಟ್ಟೀನಿ. ನನ್ನ ಕೈಯಾಗ ಕಂಡ್ರ ಯಾರ ಬೇಕಾದ್ರೂ ಕಪಾಳಕ್ಕ ಕೊಡ್ರಿ.”

“ಗಾಡಿ ನಿಂದ್ರಿಸಿ ಕೊಡಬೇಕಾ, ಓಡೋವಾಗ ಕೊಡಬೇಕಾ ಅಣ್ಣಾ?” ಎಂದ ಕಂಡಕ್ಟರ್.

“ನಿನಗ ಹೇಳಿಲ್ಲಲೇ. ನೀ ಟಿಕೆಟ್ ಹರಿ.”

ಬೆಳಗಿನ ಊದಿನಕಡ್ಡಿಗೆಂದು ಬೆಂಕಿಪೊಟ್ಟಣವೊಂದು ಮಾತ್ರ ಗಾಜಿನ ಮುಂದೆ, ದೇವರ ಪಟದ ಕೆಳಗೆ ಉಳಿಯಿತು.

ಮೊದಲ ದಿನಗಳು ನಮಗೂ ಸುಲಭವಿರಲಿಲ್ಲ. ಆಡು ಅಡ್ಡ ಬಂದರೆ ಆಡಿನ ವಂಶವನ್ನೇ ಬೈಯುತ್ತಿದ್ದರು. ಬ್ರೇಕು ಒತ್ತಿದರೆ ನಾವೆಲ್ಲ ಕಂಬಿಗೆ ಹಣೆ ಹೊಡೆಸಿಕೊಳ್ಳುತ್ತಿದ್ದೆವು. ಬೆರಳು ಸುಮ್ಮನಿರುತ್ತಿರಲಿಲ್ಲ, ಸ್ಟೇರಿಂಗ್ ಮೇಲೆ ತಬಲ. ಕೊಟ್ಟೂರಿನಲ್ಲಿ ಚಹಾದಂಗಡಿಯ ಕಡೆ ನೋಡಿದವರೇ ಮುಖ ತಿರುಗಿಸಿ ಸೀಟಿನಲ್ಲೇ ಕೂತುಬಿಟ್ಟರು. “ಇಳದ್ರ ಮುಗೀತ್ರಿ. ಆ ಅಂಗಡಿ ಗ್ವಾಡಿ ಸೈತ ನನ್ನ ಕರೀತೈತಿ,” ಎಂದರು.

ಆಗ ನಮ್ಮ ಅಂಗನವಾಡಿ ಟೀಚರಮ್ಮ ಚೀಲದಿಂದ ಹುರಿದ ಶೇಂಗಾ ತೆಗೆದು ಅವರ ಕೈಗೆ ಸುರಿದಳು. ಆಕೆ ಬೆಳಿಗ್ಗೆ ಕೊಟ್ಟೂರಿನಲ್ಲಿ ಹತ್ತಿ ಸಂಜೆ ಅಲ್ಲೇ ಇಳಿಯುವವಳು, ಬಾಯಿ ಜೋರು, ಕರುಳು ಅದಕ್ಕಿಂತ ಜೋರು. “ಬಾಯಿಗೆ ಕೆಲಸ ಕೊಡ್ರಿ ಅಣ್ಣಾ. ಬಾಯಿ ಖಾಲಿ ಇದ್ರ ಬೀಡಿ ನೆನಪಾಗತೈತಿ.”

ಅಲ್ಲಿಂದ ಅದೊಂದು ಪದ್ಧತಿಯಾಯಿತು. ಮುಂದಿನ ಸೀಟಿನ ಹೆಂಗಸರು ಯಾರೂ ಬರಿಗೈಯಲ್ಲಿ ಹತ್ತುವಂತಿರಲಿಲ್ಲ. ಒಬ್ಬರು ಚಕ್ಕುಲಿ, ಒಬ್ಬರು ಬೆಲ್ಲದ ಉಂಡೆ. ಹಡಗಲಿ ಕಡೆಯಿಂದ ಮಲ್ಲಿಗೆ ತಂದು ಮಾರುವಾಕೆ ಹೂವಿನ ಬುಟ್ಟಿಯಲ್ಲೇ ಖಾರದ ಚುರುಮುರಿ ಕಟ್ಟಿ ತರುತ್ತಿದ್ದಳು. ಮಿರ್ಚಿ ಅಂಗಡಿಯವನು ಕಿಟಕಿಗೇ ಬಂದು ಕಾಗದದ ಪೊಟ್ಟಣ ಕೊಡುತ್ತಿದ್ದ. ನಾನೂ ಮನೆಯಲ್ಲಿ ಮಾಡಿದ ಕೋಡುಬಳೆ ಒಯ್ದಿದ್ದೇನೆ. ಒಬ್ಬ ಗಂಡಸಿನ ಚಟ ಬಿಡಿಸುವ ಕೆಲಸ ಒಂದು ಬಸ್ಸಿನ ಹೆಂಗಸರದ್ದಾಗಿತ್ತು. ಅದರಲ್ಲಿ ನಮಗೆ ಸಣ್ಣ ಹೆಮ್ಮೆಯೂ ಇತ್ತು. ಅವರು ಕೂತಲ್ಲೇ ತಿಂದರು. ಟೈರು ಬಡಿಯುವುದು, ಮುಖಕ್ಕೆ ನೀರು, ಚಕ್ರಕ್ಕೆ ಕಾಲು ಊರಿ ನಿಲ್ಲುವುದು, ಬೀಡಿಯ ಜೊತೆಗೆ ಅವೂ ಹೋದವು ಎಂಬುದು ನಮಗೆ ಯಾರಿಗೂ ಹೊಳೆಯಲಿಲ್ಲ.

ಕೆಮ್ಮು ಹೋಯಿತು. ಕೂಸು ಕೈಗೆ ಬಂತು. ಮೈಯೂ ಬಂತು.

ಮೊದಲು ಗಲ್ಲ ತುಂಬಿತು. ಕುತ್ತಿಗೆಯ ನರ ಒಳಗೆ ಸರಿದವು. ನಮಗೆಲ್ಲ ಖುಷಿ. “ಬೀಡಿ ಬಿಟ್ಟಿದ್ದು ಮೈಗೆ ಹತ್ತೈತಿ ನೋಡ್ರಿ,” ಎಂದು ಟೀಚರಮ್ಮ ತಾನೇ ಸಾಕಿದ ಎತ್ತನ್ನು ತೋರಿಸುವ ಹಾಗೆ ತೋರಿಸುತ್ತಿದ್ದಳು. ಆಮೇಲೆ ಹೊಟ್ಟೆ. ಅಂಗಿಯ ಗುಂಡಿಗಳ ನಡುವೆ ಬನಿಯನ್ನು ಇಣುಕತೊಡಗಿತು. ಸೀಟನ್ನು ಹಿಂದಕ್ಕೆ ತಳ್ಳಿಸಿಕೊಂಡರು, ಕಂಬಿ ನನ್ನ ಮೊಣಕಾಲಿಗೆ ತಾಗಿತು. ಅಷ್ಟಾದರೂ ಸ್ಟೇರಿಂಗಿನ ಕೆಳಗಿನ ಅಂಚು ಹೊಟ್ಟೆಗೆ ಉಜ್ಜುತ್ತಿತ್ತು. ಸಂಜೆ ಅವರು ಇಳಿದಾಗ ಖಾಕಿ ಅಂಗಿಯ ಮೇಲೆ ಹೊಕ್ಕುಳಿನ ಮಟ್ಟಕ್ಕೆ ಒಂದು ಕಪ್ಪು ಗೆರೆ, ಬಾಗಿದ ಕುಡುಗೋಲಿನಂತೆ. ತೂತುಗಳಿದ್ದ ಅಂಗಿ ಹೋಗಿ ಗೆರೆಯಿರುವ ಅಂಗಿ ಬಂದಿತ್ತು.

“ಬರ್ರಿ ಸಾವ್ಕಾರ್ರ, ಸಿಂಹಾಸನ ಏರ್ರಿ,” ಎಂದು ಕಂಡಕ್ಟರ್ ಬಾಗಿಲು ಹಿಡಿಯುತ್ತಿದ್ದ. ಅವರು ನಗುತ್ತಿದ್ದರು. ಆದರೆ ಏರುವ ಮೊದಲು ಎರಡೂ ಕಡೆ ನೋಡಿ, ಯಾರೂ ಇಲ್ಲದಾಗ ಕಂಬಿ ಹಿಡಿದು ಮೈ ಎಳೆದುಕೊಳ್ಳುತ್ತಿದ್ದರು. ಧುಮುಕುತ್ತಿದ್ದ ಬಾಗಿಲದು.

ಸ್ಟ್ಯಾಂಡಿನ ಉಳಿದ ಡ್ರೈವರುಗಳು ಬಿಡುತ್ತಿರಲಿಲ್ಲ. “ಏನ್ಲೇ, ಯಾವಾಗ ಹೆರಿಗಿ?” ಎಂದು ಒಬ್ಬ. “ನಾವು ಸೇದತೀವಿ, ಹೆಂಗದೀವಿ ನೋಡು, ಬಾರುಕೋಲು ಇದ್ದಂಗ,” ಎಂದು ಇನ್ನೊಬ್ಬ. ಅವರಲ್ಲಿ ಹಲವರು ಬಿಟ್ಟು ಮತ್ತೆ ಹಿಡಿದವರೇ. ಮೆಕ್ಕೆಜೋಳದ ಮಂಡಿಯ ಹಮಾಲನೊಬ್ಬ ಹೇಳಿದ್ದು ನನಗೆ ನೆನಪಿದೆ: “ನಾನೂ ಬಿಟ್ಟಿದ್ದೆ ಅಣ್ಣಾ. ಹೊಟ್ಟಿ ಬಂತು. ಚೀಲ ಹೊತ್ರ ಏದುಸುರು. ಹಮಾಲಗ ಹೊಟ್ಟಿ ಬಂದ್ರ ಹೊಟ್ಟಿಗಿ ಅನ್ನ ಎಲ್ಲಿಂದ ಬರಬೇಕು? ಹೊಳ್ಳಿ ಹಚ್ಚಿದೆ.” ಡ್ರೈವರಣ್ಣ ಅದನ್ನು ಕೇಳಿ ನಗಲಿಲ್ಲ. ಅಂಗಿಯನ್ನು ಕೆಳಗೆ ಜಗ್ಗಿಕೊಂಡರು.

ಒಮ್ಮೆ ನಾನೇ ಕೇಳಿದೆ, ಬೆಳಗಿನ ಉಪಾಹಾರವನ್ನಾದರೂ ಕಡಿಮೆ ಮಾಡಬಾರದೇ ಎಂದು.

“ಮಾಡಿ ನೋಡೀನ್ರಿ ಮೇಡಂ. ಹೊಟ್ಟಿ ಖಾಲಿ ಆತು ಅಂದ್ರ ಬೀಡಿ ಕರೀತೈತಿ. ಹೊಟ್ಟಿ ತುಂಬಿದ್ರ ಸುಮ್ನಿರತೈತಿ. ಎರಡರಾಗ ಒಂದು ಸಾಕಬೇಕಲ್ಲ ನಾನು? ಹೊಟ್ಟಿ ಸಾಕೀನಿ.” ಹೊಟ್ಟೆ ಸವರಿಕೊಂಡು ಸೇರಿಸಿದರು, “ಕೂಸು ಈ ಹೊಟ್ಟಿ ಮ್ಯಾಲ ಮಲಗತೈತ್ರಿ. ಹಾಸಿಗಿ ಇದ್ದಂಗ.”

ಅವರ ಹೆಂಡತಿಯನ್ನು ನಾನು ಒಮ್ಮೆ ಕಂಡೆ. ಕೊಟ್ಟೂರಿಗೆ ಹೊರಟಿದ್ದವರು ನನ್ನ ಪಕ್ಕ ಕೂತರು. ಗಂಡ ಕೇಳದ ಹಾಗೆ, ಇಂಜಿನ್ ಸದ್ದಿನ ಮರೆಯಲ್ಲಿ, ನಗುತ್ತಲೇ ಹೇಳಿದರು: “ಮೊದ್ಲು ಕೆಮ್ಮಿಗಿ ಎಚ್ಚರಾಗತಿತ್ರಿ ನನಗ, ಈಗ ಗೊರಕಿಗಿ. ಗೊರಕಿ ಆದ್ರೂ ಚಲೋ. ನಡುವ ಒಮ್ಮೊಮ್ಮಿ ನಿಂತ ಬಿಡತೈತಿ. ಉಸುರ ಇರಂಗಿಲ್ಲ. ನಾ ಎದ್ದು ಕುಂದ್ರತೀನಿ. ಅದು ಹೊಳ್ಳಿ ಬರೋತನ ನನ್ನ ಜೀವ ನನ್ನ ಕೈಯಾಗ ಇರಂಗಿಲ್ಲ.”

“ಡಾಕ್ಟರಿಗೆ ತೋರಿಸಿದಿರಾ?”

“ನಿದ್ದಿ ಬರ್ತೈತಿ ಅಂತ ಯಾರ್ ತೋರಿಸ್ತಾರ್ರಿ? ನಿದ್ದಿ ಬರಂಗಿಲ್ಲ ಅನ್ನೋರು ತೋರಿಸ್ತಾರ.”

ಇಬ್ಬರೂ ನಕ್ಕೆವು. ಆ ಹೊತ್ತಿಗಾಗಲೇ ಡ್ರೈವರಣ್ಣ ಕೊಟ್ಟೂರಿನಲ್ಲಿ ಬಸ್ಸು ನಿಂತ ಕೂಡಲೇ ಸ್ಟೇರಿಂಗ್ ಮೇಲೆ ಹಣೆಯಿಟ್ಟು ಗೊರಕೆ ಹೊಡೆಯತೊಡಗಿದ್ದರು. ಹಾರ್ನಿಗೆ ಗಲ್ಲ ತಾಗಿ ಒಮ್ಮೆ ಸ್ಟ್ಯಾಂಡಿನಲ್ಲಿದ್ದವರೆಲ್ಲ ಬೆಚ್ಚಿಬಿದ್ದಿದ್ದರು. ಕಂಡಕ್ಟರ್ ಅದನ್ನು ಮೊಬೈಲಿನಲ್ಲಿ ಹಿಡಿದು ಎಲ್ಲರಿಗೂ ತೋರಿಸಿದ್ದ. “ಸುಖದ ನಿದ್ದಿ. ಬೀಡಿ ಬಿಟ್ಟಿದ್ದಕ್ಕ ದೇವರು ಕೊಟ್ಟಾನ,” ಎಂದಿದ್ದಳು ಟೀಚರಮ್ಮ. ನಮ್ಮ ಕಡೆ ಒಬ್ಬನಿಗೆ ಮೈ ಬಂದರೆ, ಕೂತಲ್ಲಿ ನಿದ್ದೆ ಬಂದರೆ, ಚಿಂತೆಯಿಲ್ಲದ ಜೀವ ಎನ್ನುತ್ತಾರೆ. ಅಂಥವನ ಬಗ್ಗೆ ಚಿಂತೆ ಮಾಡುವುದು ಯಾರಿಗೂ ತೋಚುವುದಿಲ್ಲ.

ಅಂದು ಶನಿವಾರ, ದೀಪಾವಳಿ ಮುಗಿದ ವಾರ. ನನಗೆ ಅರ್ಧ ದಿನ ಕೆಲಸ. ಮಧ್ಯಾಹ್ನದ ಬಸ್ಸಿಗೆ ಕೂಡ್ಲಿಗಿಯಲ್ಲಿ ಹತ್ತಿದೆ. ಕೊಟ್ಟೂರಿನಲ್ಲಿ ಟೀಚರಮ್ಮ ಹರಪನಹಳ್ಳಿಯ ನೆಂಟರ ಮನೆಗೆ ಹೊರಟು ಹತ್ತಿದಳು. ಡಬ್ಬಿಯ ತುಂಬ ಹೋಳಿಗೆ, ಮೇಲೆ ತುಪ್ಪ.

“ಒಂದ ಸಾಕು ತಂಗಿ.”

“ಹಬ್ಬದ ಹೋಳಿಗಿ ಒಂದ ತಿಂತಾರೇನಣ್ಣಾ? ಜೋಡಿ ತಪ್ಪಸಬಾರ್ದು.”

ಜೋಡಿ ತಪ್ಪಿಸಲಿಲ್ಲ. ಬೆರಳು ನೆಕ್ಕಿ, ಖಾಕಿ ಪ್ಯಾಂಟಿಗೆ ಒರೆಸಿಕೊಂಡು ಗೇರು ಹಾಕಿದರು. ಡಬ್ಬಿ ಇಂಜಿನ್ ಬಾನೆಟ್ಟಿನ ಮೇಲೆ ಬೆಚ್ಚಗೆ ಕೂತಿತು.

ಅದು ಮೆಕ್ಕೆಜೋಳದ ಕಾಲ. ಕೊಟ್ಟೂರಿನಿಂದ ಈಚೆಗೆ ರಸ್ತೆಯ ಅರ್ಧ ಭಾಗ ಕಣವಾಗಿರುತ್ತದೆ. ಡಾಂಬರಿನ ಬಿಸಿಗೆ ಕಾಳು ಬೇಗ ಒಣಗುತ್ತದೆಂದು ಉದ್ದಕ್ಕೂ ಹರವಿ, ವಾಹನ ಹತ್ತದಿರಲೆಂದು ಅಂಚಿಗೆ ಕಲ್ಲು ಇಟ್ಟಿರುತ್ತಾರೆ. ಆ ಕಲ್ಲುಗಳನ್ನು ಕಂಡರೆ ಡ್ರೈವರಣ್ಣನಿಗೆ ಮೈಯುರಿ. “ರಸ್ತಾ ಮಾಡಿದ್ದು ಗಾಡಿಗೋ, ಜೋಳಕ್ಕೋ?” ಎಂದು ಬೈಯುತ್ತಲೇ ಬಲಕ್ಕೆ ಸರಿಸಿ, ಎಡಕ್ಕೆ ಸರಿಸಿ ದಾಟಿಸುತ್ತಿದ್ದರು. ಅಂದೂ ಬೈದರು. ಮೊದಲ ಕಣಕ್ಕೆ ಬೈದರು. ಎರಡನೆಯದಕ್ಕೂ ಬೈದರು. ಆಮೇಲೆ ಬೈಗುಳ ನಿಂತಿತು.

ಆ ಮೌನ ನನಗೆ ಕೇಳಿಸಿತು. ಟೀಚರಮ್ಮ ನೆಂಟರ ಮನೆಯ ಮದುವೆಯ ಮಾತು ಹೇಳುತ್ತಿದ್ದಳು. ಕಂಡಕ್ಟರ್ ಹಿಂದೆ ಯಾರೊಡನೆಯೋ ಚಿಲ್ಲರೆಗೆ ಜಗಳವಾಡುತ್ತಿದ್ದ. ನಾನು ಕನ್ನಡಿ ನೋಡಿದೆ. ಕಣ್ಣು ಮುಚ್ಚಿತ್ತು.

ರೆಪ್ಪೆ ಬಡಿದರು ಎಂದುಕೊಂಡೆ. ತೆರೆಯುತ್ತದೆ ಎಂದು ಕಾದೆ. ತೆರೆಯಲಿಲ್ಲ. ಬಾಯಿ ತುಸು ತೆರೆದುಕೊಂಡಿತು, ಗಲ್ಲ ಎದೆಗೆ ಇಳಿಯಿತು. ಕೈಗಳು ಸ್ಟೇರಿಂಗ್ ಮೇಲೆಯೇ ಇದ್ದವು, ಅದೇ ವಿಚಿತ್ರ. ಕಾಲು ಆಕ್ಸಿಲರೇಟರ್ ಮೇಲೆ ಭಾರವಾಗಿ ಬಿದ್ದಿತ್ತು. ಬಸ್ಸು ನಿಧಾನವಾಗುವ ಬದಲು ಜೋರಾಯಿತು. ಮೆಲ್ಲಗೆ, ಯಾರಿಗೂ ಗೊತ್ತಾಗದ ಹಾಗೆ, ಎಡಕ್ಕೆ ವಾಲತೊಡಗಿತು. ಎದುರಿಗೆ ಹಳದಿ ಕಣ. ಕಣದ ತುದಿಯಲ್ಲಿ ಸೀರೆಯ ಮೇಲೆ ಗಂಡಸರ ಅಂಗಿ ತೊಟ್ಟ ಒಬ್ಬ ಮುದುಕಿ, ನಮಗೆ ಬೆನ್ನು ಹಾಕಿ ಕೂತು ಕಾಳು ಹಸನು ಮಾಡುತ್ತಿದ್ದಳು.

ನಾನು ಕೂಗಿದೆ ಎಂದು ಆಮೇಲೆ ಟೀಚರಮ್ಮ ಹೇಳಿದಳು. ನನಗೆ ನನ್ನ ದನಿ ಕೇಳಿಸಿದ ನೆನಪಿಲ್ಲ. ತೊಡೆಯ ಮೇಲಿದ್ದ ಸ್ಟೀಲಿನ ಊಟದ ಡಬ್ಬಿಯನ್ನು ಎತ್ತಿ ಅವರ ಬೆನ್ನ ಹಿಂದಿನ ಕಂಬಿಗೆ ಬಡಿದದ್ದು ನೆನಪಿದೆ. ಅದೇ ಗಳಿಗೆಯಲ್ಲಿ ಎಡಗಡೆಯ ಚಕ್ರ ಅಂಚಿನ ಕಲ್ಲು ಹತ್ತಿ ಇಳಿಯಿತು. ಆಮೇಲೆ ಕಾಳಿನ ಸದ್ದು. ತಗಡಿನ ಚಾವಣಿಯ ಮೇಲೆ ಆಲಿಕಲ್ಲು ಬಿದ್ದಂತೆ ಬಸ್ಸಿನ ಹೊಟ್ಟೆಯ ಕೆಳಗೆ ಗರಗರ ಎಂದು ಸಿಡಿಯುವ ಮೆಕ್ಕೆಜೋಳ. ಡಬ್ಬಿಯೋ, ಕಲ್ಲೋ, ಕಾಳೋ, ಯಾವುದು ಅವರನ್ನು ಎಬ್ಬಿಸಿತೋ ತಿಳಿಯದು. ಕನ್ನಡಿಯಲ್ಲಿ ಕಣ್ಣು ಬಿಟ್ಟುಕೊಂಡಿತು. ಅಷ್ಟು ಅಗಲವಾದ ಕಣ್ಣನ್ನು ನಾನು ಬೇರೆಲ್ಲೂ ಕಂಡಿಲ್ಲ. ಸ್ಟೇರಿಂಗನ್ನು ಬಲಕ್ಕೆ ಎಳೆದರು, ಅದು ಹೊಟ್ಟೆಗೆ ಕಚ್ಚಿ ತಡೆಯಿತು. ಉಸಿರು ಒಳಗೆಳೆದು ಹೊಟ್ಟೆಯನ್ನು ಹಿಂದಕ್ಕೆ ತೆಗೆದುಕೊಂಡು ಮತ್ತೆ ಎಳೆದರು. ಬಸ್ಸು ಒಂದು ಕಡೆಗೆ ಒರಗಿತು. ಮಲ್ಲಿಗೆ ಬುಟ್ಟಿ, ಹೋಳಿಗೆ ಡಬ್ಬಿ, ಜನ, ಎಲ್ಲ ಎಡಕ್ಕೆ ಬಿದ್ದು ಮತ್ತೆ ಬಲಕ್ಕೆ ಬಿದ್ದರು. ರಸ್ತೆಗೆ ಅಡ್ಡವಾಗಿ ನಿಂತೆವು.

ಆ ಉಸಿರೆಳೆದ ಗಳಿಗೆ ನನ್ನಲ್ಲಿ ಇನ್ನೂ ಮುಗಿದಿಲ್ಲ. ಪುಸ್ತಕಗಳಿಗೆ ಮುದ್ರೆ ಒತ್ತುವಾಗಲೂ ಬರುತ್ತದೆ.

ಮುದುಕಿ ಎದ್ದು ನಿಂತಿದ್ದಳು. ಬಸ್ಸಿನ ಮೈಗೂ ಅವಳಿಗೂ ನಡುವೆ ಅವಳ ಕೈಯಲ್ಲಿದ್ದ ಮೊರ ಇಡುವಷ್ಟು ಜಾಗ. ಮೊರವನ್ನು ಎದೆಗೊತ್ತಿಕೊಂಡೇ ಬೈದಳು.

“ಕಣ್ಣಾಗ ಸುಣ್ಣ ಹಾಕ್ಕೊಂಡಿಯೇನೋ ಮೂಳ! ಇಷ್ಟ್ ಅಗಲ ರಸ್ತಾ ಬಿಟ್ಟು ನನ್ನ ಮೈಮ್ಯಾಲ ಬರ್ತೀಯಲ್ಲ! ನಾ ಏನ್ ನಿನಗ ಜೋಳ ಕಂಡಂಗ ಕಂಡೆನೇನು?”

ಕಂಡಕ್ಟರ್ ಓಡಿ ಬಂದು ಅವರ ಪರವಾಗಿ ತಾನೇ ಉತ್ತರ ಕೊಟ್ಟ. “ನಾಯಿ ಅಡ್ಡ ಬಂತು ಯವ್ವಾ. ಅಣ್ಣಾ, ನಾಯಿ ಅಡ್ಡ ಬಂತಲ್ಲ?” ಬಸ್ಸಿನಲ್ಲಿ ಎಲ್ಲರೂ ಹಾಗೆಯೇ ತಿಳಿದಿದ್ದರು. ನಾಯಿ ಎಂದಿದ್ದರೆ ಮುಗಿದುಹೋಗುತ್ತಿತ್ತು. ಕನ್ನಡಿಯಲ್ಲಿ ನಾನು ನೋಡಿದ್ದೆ ಎಂಬುದು ಅವರಿಗೆ ಗೊತ್ತಿರಲಿಲ್ಲ.

ಅವರು ಕಂಬಿ ಹಿಡಿದು ಕೆಳಗಿಳಿದರು.

“ನಾಯಿ ಬಂದಿಲ್ಲ. ನಿದ್ದಿ ಬಂದಿತ್ತು.”

ಮುದುಕಿಯೇ ಹತ್ತಿರ ಬಂದು ಅವರ ಮುಖ ನೋಡಿದಳು. “ಹಗಲಾಗ ನಿದ್ದಿಯೇನೋ ಯಪ್ಪಾ? ಮನ್ಯಾಗ ಮಲಗಂಗಿಲ್ಲೇನು?”

“ಮಲಗತೀನಿ ಯವ್ವಾ. ಮುಂಜಾನಿ ಎದ್ರ ರಾತ್ರಿಯೆಲ್ಲಾ ಗಾಡಿ ಹೊಡದಂಗ ಆಗಿರತೈತಿ.”

ಆಗ ಹಿಂದಿನ ಸೀಟಿನಿಂದ ಇಳಿದು ಬಂದ ಕುರಿ ಕಾಯುವ ಹಿರಿಯನೊಬ್ಬ, ಹೆಗಲ ಕಂಬಳಿ ಸರಿಮಾಡಿಕೊಂಡು, ಬೀಡಿಯೊಂದನ್ನು ಮುಂದೆ ಹಿಡಿದ. “ಮೊದ್ಲು ಇದನ್ನ ಹಚ್ಚು. ನಿನ್ನ ಗಾಡ್ಯಾಗ ನಾ ಎಷ್ಟ್ ವರ್ಷದಿಂದ ತಿರಗ್ಯಾಡೀನಿ. ಬೀಡಿ ಸೇದೋವಾಗ ಒಂದಿನ ಹಿಂಗಾಗಿತ್ತೇನು?”

“ಖರೆ ಐತಿ,” ಎಂದರು ಯಾರೋ. “ಸೇದಿ ಎಚ್ಚರಾಗಿ ಹೊಡದ್ರ ಸಾಕು, ಊರು ಮುಟ್ಟೋಣು.” ಕಂಡಕ್ಟರ್ ಓಡಿ ಹೋಗಿ ದೇವರ ಪಟದ ಕೆಳಗಿದ್ದ ಬೆಂಕಿಪೊಟ್ಟಣ ತಂದ. ಟೀಚರಮ್ಮ ಅಳುತ್ತಿದ್ದಳು. ಸೆರಗಿನಿಂದ ಮೂಗು ಒರೆಸಿಕೊಂಡು ಆಕೆಯೇ ಅಂದಳು: “ಇವತ್ತೊಂದಿನ ಸೇದ್ರಿ ಅಣ್ಣಾ. ಮನಿ ಮುಟ್ಟೋತನ.”

ನನಗೂ ಅದೇ ಬೇಕಿತ್ತು. ಹರಪನಹಳ್ಳಿ ಇನ್ನೂ ದೂರವಿತ್ತು. ವರ್ಷಗಟ್ಟಲೆ ಮೂಗು ಮುಚ್ಚಿಕೊಂಡಿದ್ದ ಆ ಹೊಗೆ ಈಗ ಮುಖಕ್ಕೆ ಬಡಿದರೆ ಸಾಕು ಅನ್ನಿಸಿತು.

ಅವರು ಬೀಡಿಯನ್ನು ತುಟಿಗಿಟ್ಟುಕೊಂಡರು. ಕೈಗೆ ಅಭ್ಯಾಸ ಮರೆತಿರಲಿಲ್ಲ. ಕಡ್ಡಿ ಗೀರಿ, ಗಾಳಿಗೆ ಆರದ ಹಾಗೆ ಅಂಗೈ ಬೊಗಸೆ ಮಾಡಿ, ಮುಖದ ಹತ್ತಿರ ತಂದರು. ಎಲ್ಲರೂ ಆ ಕಡ್ಡಿಯನ್ನೇ ನೋಡುತ್ತಿದ್ದೆವು. ಅವರು ಮಾತ್ರ ಕಡ್ಡಿಯನ್ನು ದಾಟಿ ನೋಡುತ್ತಿದ್ದರು. ಅಲ್ಲಿ ಹಳದಿ ಕಣದಲ್ಲಿ ಚಕ್ರದ ಗುರುತು ಉದ್ದಕ್ಕೂ ಬಿದ್ದಿತ್ತು. ಮುದುಕಿ ಕೂತಿದ್ದ ಗೋಣಿಚೀಲದ ಅಂಚಿನವರೆಗೆ ಬಂದು ಅದು ಬಲಕ್ಕೆ ತಿರುಗಿತ್ತು. ಬೆಂಕಿ ಕಡ್ಡಿಯ ಉದ್ದಕ್ಕೂ ಬಂದು ಬೆರಳಿಗೆ ತಾಗಿತು. ಕೈ ಕೊಡವಿ ಬಿಸಾಡಿದರು. ಬೀಡಿಯನ್ನು ತುಟಿಯಿಂದ ತೆಗೆದರು.

“ಇದನ್ನ ಹಚ್ಚಿದ್ರ ಇವತ್ತು ಊರು ಮುಟ್ಟತೀರಿ. ನಾಳಿ ಹಚ್ಚಿದಾಗೂ ನಿದ್ದಿ ಬಂದ್ರ? ಆಗ ಯಾವ ಕಡೆ ತಿರುವ್ಲಿ?” ಜೇಬಿನಿಂದ ಗಾಡಿಯ ಕೀಲಿ ತೆಗೆದು ಕಂಡಕ್ಟರ್ ಕೈಯಲ್ಲಿಟ್ಟರು. “ಮಾಲಕ್ರಿಗೆ ಫೋನ್ ಹಚ್ಚು. ಬ್ಯಾರೆ ಡ್ರೈವರ್ ಕಳಸಾಕ ಹೇಳು. ನಾ ಹತ್ತಂಗಿಲ್ಲ.”

ಈಗ ಜನಕ್ಕೆ ನಿಜವಾದ ಸಿಟ್ಟು ಬಂತು. ಬದುಕಿದ ಮೇಲೆ ಕಾಯುವುದು ಕಷ್ಟ. “ಏನ್ ನಾಟ್ಕನಪ್ಪ ಇದು?” “ನಮಗ ಸಂತಿ ಐತಿ.” ಕುರಿ ಕಾಯುವ ಹಿರಿಯನಂತೂ ಕೈ ಚಾಚಿದ: “ಸೇದಂಗಿಲ್ಲಂದ್ರ ಕೊಡು ಇತ್ಲಾಗ. ಒಳ್ಳೇ ಬೀಡಿ ಎಂಜಲ ಮಾಡಿದಿ.” ತೆಗೆದುಕೊಂಡು ತಾನೇ ಹಚ್ಚಿದ. ಮಾಲೀಕರು ಫೋನಿನಲ್ಲಿ ಹೇಳಿದ್ದನ್ನು ಕಂಡಕ್ಟರ್ ಜೋರಾಗಿ ಹೇಳಿದ: “ಒಂದ್ ಬೀಡಿ ಸೇದಿ ಗಾಡಿ ತಗೊಂಡು ಬಾ ಅನ್ನು ಅಂತಾರಣ್ಣಾ.” ಅವರು ತಲೆ ಅಲ್ಲಾಡಿಸಿದರು.

ಬೇರೆ ಡ್ರೈವರ್ ಬರುವವರೆಗೆ ಅವರು ಏನು ಮಾಡಿದರು ಎಂಬುದನ್ನು ಹೇಳಬೇಕು. ಚದುರಿದ ಕಾಳನ್ನು ಗುಡಿಸಲು ಹೋದರು. ಬಗ್ಗಲು ಆಗಲಿಲ್ಲ. ಒಂದು ಸಲ ಪ್ರಯತ್ನಿಸಿ, ಏದುಸಿರು ಬಂದು, ರಸ್ತೆಯ ಮೇಲೇ ಕಾಲು ಚಾಚಿ ಕೂತುಬಿಟ್ಟರು. ಹೊಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡವರ ಹಾಗೆ ಕೂತು, ಅಂಗೈಯಿಂದ ಕಾಳು ಬಳಿದು ಗುಡ್ಡೆ ಮಾಡಿದರು. ನುಚ್ಚಾದದ್ದು ಬೇರೆ, ಗಟ್ಟಿ ಬೇರೆ. ಮುದುಕಿ ಎದುರಿಗೆ ಕೂತು ತಾನೂ ಬಳಿದಳು. ಬೈಯುವುದನ್ನು ನಿಲ್ಲಿಸಿರಲಿಲ್ಲ, ಆದರೆ ದನಿ ಇಳಿದಿತ್ತು. ನಡುವೆ ಎದ್ದು ತಂಬಿಗೆಯಲ್ಲಿ ನೀರು ಕೊಟ್ಟಳು. ಅವರು ಕುಡಿಯಲಿಲ್ಲ, ಮುಖಕ್ಕೆ ಹೊಡೆದುಕೊಂಡರು, ಹಿಂದೆ ಕೊಟ್ಟೂರಿನಲ್ಲಿ ಮಾಡುತ್ತಿದ್ದ ಹಾಗೆ. ನೀರು ಇಳಿದು ಅಂಗಿ ನೆನೆಯಿತು. ಆ ಕಪ್ಪು ಗೆರೆ ಮಾತ್ರ ಹೋಗಲಿಲ್ಲ.

ಆಮೇಲ್ಯಾವತ್ತೂ ಅವರು ಸ್ಟೇರಿಂಗ್ ಹಿಡಿಯಲಿಲ್ಲ. ಮಾಲೀಕರು ಮನೆಗೆ ಹೋಗಿ ಕರೆದರಂತೆ. ಸ್ಟ್ಯಾಂಡಿನ ಡ್ರೈವರುಗಳು ‘ಹೆದರಿದ’ ಎಂದರು. ಕೊನೆಗೆ ಕೊಟ್ಟೂರಿನ ಸ್ಟ್ಯಾಂಡಿನಲ್ಲಿ ಊರುಗಳ ಹೆಸರು ಕೂಗಿ ಜನ ಹತ್ತಿಸುವ ಏಜೆಂಟನ ಕೆಲಸ ಹಿಡಿದರು. ಬಸ್ಸಿನಿಂದ ಬಸ್ಸಿಗೆ ನಡೆದಾಡುವ ಕೆಲಸ. ಬಸ್ಸು ನಿಂತ ಕೂಡಲೇ ಪ್ರತಿ ಡ್ರೈವರನ ಬಾಗಿಲಿಗೂ ಹೋಗಿ ತಟ್ಟುತ್ತಿದ್ದರು: “ಇಳಿಯಲೇ ಕೆಳಗ. ಮುಖ ತೊಳಿ.” ಕೆಲವರು ಇಳಿಯುತ್ತಿದ್ದರು, ಕೆಲವರು ‘ಹೋಗಲೇ ಸಾವ್ಕಾರ’ ಎನ್ನುತ್ತಿದ್ದರು. ಚಹಾದಂಗಡಿಯ ಗೋಡೆಯ ಪಕ್ಕದಲ್ಲೇ ದಿನವಿಡೀ ನಿಂತರೂ ಬೀಡಿ ಮುಟ್ಟಲಿಲ್ಲ ಎಂದು ಕಂಡಕ್ಟರ್ ಹೇಳುತ್ತಾನೆ. ಮುಂದಿನ ಸೀಟಿನಲ್ಲಿ ಈಗ ಯಾರೂ ಡ್ರೈವರಿಗೆ ತಿನ್ನಲು ಕೊಡುವುದಿಲ್ಲ. ಯಾರೂ ನಿಲ್ಲಿಸಿ ಎಂದು ಹೇಳಲಿಲ್ಲ, ಅದು ತಾನಾಗಿ ನಿಂತಿತು.

ಮೊನ್ನೆ ಸಂಜೆ ಅವರು ಕೊಟ್ಟೂರಿನಲ್ಲಿ ನಮ್ಮ ಬಸ್ಸು ಹತ್ತಿದರು, ಪ್ರಯಾಣಿಕನಾಗಿ. ಬಿಳಿ ಅಂಗಿ. ಮೈ ಇನ್ನೂ ದಪ್ಪವೇ, ಆದರೆ ಗಲ್ಲ ಸ್ವಲ್ಪ ಇಳಿದಿತ್ತು. ಬಾನೆಟ್ಟಿನ ಪಕ್ಕದ ಒಂಟಿ ಸೀಟಿನಲ್ಲಿ, ನನಗೆ ಎದುರಾಗಿ ಕೂತರು.

“ಏನ್ ಮೇಡಂ, ಇನ್ನೂ ಕನ್ನಡಿ ನೋಡ್ತೀರಂತ? ಹುಡುಗ ಹೇಳ್ದ.”

ಎಲ್ಲಿಗೆ ಹೊರಟಿರಿ ಎಂದೆ.

“ದಾವಣಗೇರಿಗೆ. ಒಂದ್ ರಾತ್ರಿ ಮಲಗಿಸಿ ನೋಡ್ಯಾರ್ರಿ. ಮಲಗಿದಾಗ ಉಸುರು ನಿಲ್ತೈತಂತ, ಅದಕ್ಕ ಹಗಲಾಗ ನಿದ್ದಿ ಎಳೀತೈತಂತ. ಮೈ ಇಳಿಸಬೇಕು ಅಂದಾರ. ಮೂಗಿಗಿ ಕಟ್ಕೊಳ್ಳೋ ಒಂದ್ ಮಿಷನ್ ಕೊಡ್ತಾರಂತ ನಾಳಿ. ಅದು ಹೊಂದಿದ್ರ...” ಅವರು ಹೊಸ ಡ್ರೈವರನ ಕೈಯ ಕಡೆ, ಸ್ಟೇರಿಂಗ್ ಕಡೆ ನೋಡಿದರು.

ಇಳಿಯಲು ಎದ್ದ ಟೀಚರಮ್ಮ ಮರೆವಿನಲ್ಲೋ ಪ್ರೀತಿಯಲ್ಲೋ ಚೀಲದಿಂದ ಉಂಡೆಯೊಂದನ್ನು ತೆಗೆದಳು. ಅವರು ಚೂರು ಮುರಿದುಕೊಂಡು ಉಳಿದದ್ದನ್ನು ಅವಳ ಕೈಗೇ ಇಟ್ಟರು. “ಪೂರಾ ತಿಂದ್ರ ಡಾಕ್ಟ್ರು ನನ್ನ ತಿಂತಾರ ತಂಗಿ.”

ಊರು ದಾಟಿತು. ಜೋಳದ ಕಾಲ ಮುಗಿದು ರಸ್ತೆ ಬರಿದಾಗಿತ್ತು. ಆ ಜಾಗ ಬರುವ ಮೊದಲೇ ಅವರ ಗಲ್ಲ ಎದೆಗೆ ಇಳಿಯಿತು. ಗೊರಕೆ ಶುರುವಾಯಿತು, ಇಂಜಿನ್ನಿಗೆ ಪೈಪೋಟಿ ಕೊಡುವಂಥದ್ದು. ಹುಡುಗರು ನಕ್ಕರು. ನಾನೂ ನಗುವವಳಿದ್ದೆ. ಅಷ್ಟರಲ್ಲಿ ಗೊರಕೆ ನಿಂತಿತು.

ಎದೆ ಅಲ್ಲಾಡಲಿಲ್ಲ. ಬಿಳಿ ಅಂಗಿಯ ಗುಂಡಿ ಇದ್ದಲ್ಲೇ ಇತ್ತು. ನನ್ನ ಕೈ ತಾನಾಗಿ ಊಟದ ಡಬ್ಬಿಯನ್ನು ಹಿಡಿಯಿತು. ಕಂಡಕ್ಟರ್ ಬಂದು ನಿಂತಿದ್ದ. “ಎಬ್ಬಿಸ್ಲೇನ್ರಿ ಮೇಡಂ?” ಎಂದು ಪಿಸುಗುಟ್ಟಿದ. ಅವರ ಹೆಂಡತಿ ಹೇಳಿದ್ದು ನೆನಪಾಯಿತು: ಹೊಳ್ಳಿ ಬರುವವರೆಗೆ. ನಾನು ತಡಿ ಎಂದು ಕೈ ಎತ್ತಿದೆ. ಕೆಳಗೆ ರಸ್ತೆ ನುಣ್ಣಗೆ ಹರಿಯುತ್ತಿತ್ತು, ಒಂದು ಕಾಳಿನ ಸದ್ದೂ ಇಲ್ಲ. ಆಮೇಲೆ ಗಂಟಲಿನಲ್ಲಿ ಏನೋ ಕಳಚಿಕೊಂಡಂತೆ ಒಂದು ದೊಡ್ಡ ಉಸಿರು ಬಂತು. ಹಳೆಯ ಗಾಡಿ ಸ್ಟಾರ್ಟ್ ಆದ ಹಾಗೆ ಗೊರಕೆ ಮತ್ತೆ ಹಿಡಿಯಿತು.

“ಬ್ಯಾಡ. ಮಲಗಲಿ,” ಎಂದೆ.

ಹರಪನಹಳ್ಳಿ ಬರುವವರೆಗೆ ಅಂದು ನಾನು ಕನ್ನಡಿಯನ್ನು ಒಮ್ಮೆಯೂ ನೋಡಲಿಲ್ಲ. ಆ ಗುಂಡಿ ಏಳುವುದನ್ನು, ಇಳಿಯುವುದನ್ನು, ಮತ್ತೆ ಏಳುವುದನ್ನು ನೋಡುತ್ತ ಕೂತಿದ್ದೆ.